ಒಂದು ಅಗುಳು ಸಾಲದು

ಸಿಂಕೆರಿಮ್ ಆಚೆ, ಬೆಳಗಿನ ಏಳಕ್ಕೆ,
ಕಾಯ್ತಾನ್ ಬಾಬ್ ಎಂಜಿನ್ ಆರಿಸಿದಾಗ
ಮೊದಲು ಕೇಳುವುದು ಉಸಿರು,
ಯಾರೋ ಒದ್ದೆ ಸೀರೆ ಒದರಿದ ಹಾಗೆ.
ಆಮೇಲೆ ಬೆನ್ನು. ನಾನು ಕ್ಯಾಮೆರಾ ಒತ್ತುತ್ತೇನೆ,
ಒತ್ತುತ್ತಲೇ ಇರುತ್ತೇನೆ.
ಒಂದು ಡಾಲ್ಫಿನ್ನಿಗೆ ಮೂವತ್ತೊಂದು ಚಿತ್ರ:
ಅರ್ಧ ನೀರು, ಕಾಲು ಭಾಗ ಬಿಸಿಲು,
ಒಂದರಲ್ಲಿ ಕಾಯ್ತಾನನ ಮೊಣಕೈ.

ಅನ್ನ ಬೆಂದಿತೇ ನೋಡಲು ಒಂದು ಅಗುಳು ಸಾಕು,
ಕಾರವಾರದಲ್ಲಿ ಅಮ್ಮ ಹೇಳುತ್ತಿದ್ದದ್ದು.
ಎರಡು ವರ್ಷ ಅದನ್ನೇ ನಂಬಿ
ಯಂತ್ರಕ್ಕೂ ಒಂದೊಂದೇ ಅಗುಳು ತಿನ್ನಿಸಿದೆ.
ಇದು ಯಾರು? ಏಳನೆಯವಳು.
ಇದು? ಹನ್ನೆರಡು.
ಇದು? ದೋಣಿ.
ಮೂರೂ ಒಂದೇ ಬೆನ್ನು, ಒಂದೇ ನಿಮಿಷ.

ಹಾಗಾದರೆ ಎಲ್ಲ ಕಲಸಿ ಸರಾಸರಿ ತೆಗೆ
ಎಂದರು ಪಣಜಿಯ ಕಚೇರಿಯಲ್ಲಿ.
ತೆಗೆದೆ. ಬಂತು
ಯಾರ ಬೆನ್ನಿಗೂ ಸೇರದ ಬೂದು ರೆಕ್ಕೆಯೊಂದು,
ಸ್ಲೇಟಿನ ಮೇಲೆ ಎಂಜಲಲ್ಲಿ ಒರೆಸಿದ ಅಕ್ಷರ.

ಈಗ ಕಟ್ಟು ಬಿಚ್ಚದೆ ಕೊಡುತ್ತೇನೆ.
ಮೂವತ್ತೊಂದಕ್ಕೂ ಸೇರಿ ಒಂದೇ ಹೆಸರು.
ಯಾವುದು ಮೊದಲು, ಯಾವುದು ಕೊನೆ, ಅದಕ್ಕೆ ಬೇಕಿಲ್ಲ;
ಇಸ್ಪೀಟಿನಂತೆ ಕಲಸಿ ಕೊಟ್ಟರೂ ಅದೇ ಉತ್ತರ.
ತಿರುಗಿದಾಗ ಹೇಗೆ ಬದಲಾಗುತ್ತಾಳೆ,
ಬದಲಾಗುತ್ತಾ ಏನನ್ನು ಬಿಡುವುದಿಲ್ಲ,
ಅಷ್ಟನ್ನು ಹಿಡಿದು ಒಂದು ಬಯಲು ಹಾಸುತ್ತದೆ.
ಆ ಬಯಲಿಗೂ ಹಳೆಯ ಬಯಲುಗಳಿಗೂ
ನಡುವಿನ ಕೋನ ಅಳೆಯುತ್ತದೆ.
ಗಣಿತ ಇಷ್ಟೇ.
ಉಳಿದದ್ದೆಲ್ಲ ಕರೆಂಟು ಹೋಗದಿರಲಿ ಎನ್ನುವುದು.

ಅಕ್ಟೋಬರಿನಲ್ಲಿ ಬಂದವಳ ಬೆನ್ನರೆಕ್ಕೆಯನ್ನು
ಯಾವುದೋ ಪ್ರೊಪೆಲರ್ ಸೀಳಿತ್ತು.
ಸ್ವಚ್ಛವಾಗಿ ಬಂದ ಚಿತ್ರ ಒಂದೇ;
ಅದನ್ನು ಕೇಳಿದರೆ ಇವಳು ಹೊಸಬಳು.
ನಾನೂ ಹೊಸ ನಂಬರು ಬರೆಯಲು ಪೆನ್ನು ತೆಗೆದಿದ್ದೆ.
ಕಟ್ಟು ಹೇಳಿತು: ಏಳು.

ಹೇಗೆ ಎಂದು ಅದನ್ನು ಕೇಳಲಾಗದು.
ಯಾವ ಚಿತ್ರಕ್ಕೆ ಎಷ್ಟು ಕಿವಿಗೊಟ್ಟಿತೆಂದು ನೋಡಬಹುದು.
ಸೀಳಿನ ಚಿತ್ರಕ್ಕೆ, ನಾನು ನಂಬಿದ್ದಕ್ಕೆ, ನೂರರಲ್ಲಿ ಒಂಬತ್ತು.
ಹದಿನೇಳನೆಯದಕ್ಕೆ ನಲವತ್ತೊಂದು.
ಅರ್ಧ ಮಬ್ಬು, ಬರೀ ಪಕ್ಕೆ,
ಪಕ್ಕೆಯಲ್ಲಿ ಅಗುಳಿನಷ್ಟು ಬಿಳಿ ಮಚ್ಚೆ.
ಮೊಣಕೈಗೆ ಸೊನ್ನೆ.
ಕೊನೆಯ ಚಿತ್ರಕ್ಕೆ, ಏನೂ ಇಲ್ಲದ ನೀರಿಗೆ, ಮೂರು.

ಆ ನೀರನ್ನು ಅಳಿಸಬೇಕೆಂದಿದ್ದೆ. ಡಿಸ್ಕ್ ತುಂಬಿತ್ತು.
ಕಾಯ್ತಾನ್ ಬಾಬ್ ಪರದೆಗೆ ಕನ್ನಡಕ ತಾಗಿಸಿ ನೋಡಿದ.
ಎಪ್ಪತ್ತು ದಾಟಿದವನು,
ಅವಳನ್ನು ಎಂದೂ ನಂಬರು ಹಿಡಿದು ಕರೆದವನಲ್ಲ.
'ಇದು ಬರೀ ನೀರಲ್ಲ, ಬಾಯ್.
ಬಾಲ ಬಡಿದು ಒಳಗೆ ಹೋದ ಮೇಲೆ
ಇಷ್ಟಗಲ ನುಣುಪಾಗಿರುತ್ತದೆ, ಇಸ್ತ್ರಿ ಹಾಕಿದ ಹಾಗೆ.
ಹತ್ತು ಎಣಿಸುವಷ್ಟು ಹೊತ್ತು.'

ಯಂತ್ರಕ್ಕೆ ಅದು ಗೊತ್ತಿತ್ತೋ,
ಸುಮ್ಮನೆ ಬಿತ್ತೋ ಆ ಮೂರು,
ವರದಿಯಲ್ಲಿ ನಾನು ಬರೆದಿಲ್ಲ.
ಶುಕ್ರವಾರ ಮಾಪ್ಸಾಕ್ಕೆ ಹೋಗಿ
ಇನ್ನೊಂದು ಡಿಸ್ಕ್ ತಂದೆ.