ನೂರ ಹನ್ನೆರಡು ಹೆಜ್ಜೆ

ಮಂಡಿಗೆ ಹೊಸ ಕೀಲು ಹಾಕಿದ ಡಾಕ್ಟರು
ದಿನಾ ನಡೆಯಿರಿ ಎಂದಿದ್ದಾರೆ, ಸಮತಟ್ಟು ಜಾಗದಲ್ಲಿ.
ಮಡಿಕೇರಿಯಲ್ಲಿ ಸಮತಟ್ಟು ಎಲ್ಲಿಂದ ತರಲಿ?
ಹಾಲಿಗೆ ಹೋದರೆ ಇಳಿಜಾರು, ಔಷಧಿಗೆ ಹೋದರೆ ಏರು,
ಬ್ಯಾಂಕಿಗೆ ಹೋದರೆ ಎರಡೂ.
ಉಳಿದದ್ದು ರಾಜಾಸೀಟಿನ ಈ ಕಟಾಂಜನದ ಪಕ್ಕ.
ಈ ತುದಿಯ ನಲ್ಲಿಯಿಂದ ಆ ತುದಿಯ ಕಸದ ತೊಟ್ಟಿಗೆ
ನೂರ ಹನ್ನೆರಡು ಹೆಜ್ಜೆ.
ಕೋಲು ಹಿಡಿದ ದಿನ ನೂರ ಇಪ್ಪತ್ತು.

ಐದೂವರೆಗೆ ಕೆಳಗಿನ ಕಣಿವೆ ತುಂಬತೊಡಗುತ್ತದೆ.
ಮೊದಲು ಗದ್ದೆ ಹೋಗುತ್ತದೆ, ಆಮೇಲೆ ರಸ್ತೆಯ ತಿರುವು,
ಆಮೇಲೆ ಒಂದು ಹೆಂಚಿನ ಮಾಡು, ಅದರ ಪಕ್ಕದ ನೀಲಿ ಟ್ಯಾಂಕು.
ಕೊನೆಗೆ ಬೆಟ್ಟಗಳ ತಲೆ ಮಾತ್ರ,
ಈಜು ಬಾರದವರು ಗದ್ದ ಎತ್ತಿ ನಿಂತ ಹಾಗೆ.
“ಅಮ್ಮಾ, ಸಮುದ್ರ!” ಎಂದು ಕೂಗುತ್ತದೆ ಯಾರದೋ ಮಗು,
ಸ್ವೆಟರಿನ ಬೆಲೆ ಚೀಟಿ ಇನ್ನೂ ಕಿತ್ತಿಲ್ಲ.
ಫೋನಿನಿಂದ ತಲೆ ಎತ್ತದೆ ಅಮ್ಮ:
“ಹ್ಞೂಂ. ನೀರಿಗೆ ಇಳೀಬೇಡ.”

ಮೊಯ್ದಿನಬ್ಬನಿಗೆ ನಗು ತಡೆಯುವುದಿಲ್ಲ.
ಅವನ ಚುರುಮುರಿ ಗಾಡಿ ಗೇಟಿನಾಚೆ.
ವ್ಯಾಪಾರ ಸತ್ತ ಹೊತ್ತಲ್ಲಿ ಒಳಬಂದು
ನನ್ನ ಜೊತೆ ಎರಡು ಸುತ್ತು ಹಾಕುತ್ತಾನೆ;
ಟಿಕೆಟಿನವನಿಗೆ ಒಂದು ಪೊಟ್ಟಣ, ಅದೇ ಪಾಸು.
ಉಳ್ಳಾಲದವನು. ಅವನ ಮನೆಯನ್ನು
ಕಡಲು ಕಂತಿನಲ್ಲಿ ತಿಂದಿತು:
ಒಂದು ಮಳೆಗಾಲ ತೆಂಗಿನಮರ, ಇನ್ನೊಂದಕ್ಕೆ ಬಟ್ಟೆ ಒಗೆಯುವ ಕಲ್ಲು,
ಮೂರನೆಯದಕ್ಕೆ ಅಡುಗೆಮನೆ.
“ಒಲೆ ಮೇಲೆ ಗಂಜಿ ಇತ್ತು ದೇಚಕ್ಕ, ಇನ್ನೂ ಕುದಿ ಬಂದಿರಲಿಲ್ಲ.
ಹಾಗೆ ಎತ್ತರಕ್ಕೆ ಬಂದೆ. ಇಲ್ಲಿಗೂ ಬರಲಿ, ನೋಡುವ.”

ನಾನು ಏನೂ ಹೇಳಲಿಲ್ಲ, ನಲ್ಲಿ ಬರುವವರೆಗೆ.
ತಿರುಗುವಾಗ ಹೇಳಿದೆ.
ತಂಗಿಯ ಮನೆಯ ಹಿಂದಿನ ಗುಡ್ಡ,
ಗುಡ್ಡದ ಮೇಲಿನ ಕಾಫಿ, ಅಂಗಳದ ಜೀಪು,
ಜೀಪಿನಡಿ ಮಲಗುತ್ತಿದ್ದ ನಾಯಿ,
ಒಂದು ಆಗಸ್ಟಿನ ಬೆಳಗ್ಗೆ, ಹಲ್ಲುಜ್ಜುವಷ್ಟರಲ್ಲಿ.
ಎತ್ತರವೂ ಇಳಿಯುತ್ತದೆ, ಮೊಯ್ದಿನಬ್ಬ.

ಅವನು ಸುಮಾರು ಮೂವತ್ತು ಹೆಜ್ಜೆ ಮಾತಾಡಲಿಲ್ಲ.
“ನಮ್ಮದು ವಾಪಸು ಕೊಡ್ತದೆ, ಮಾರಾಯ್ರೆ.
ನಾಲ್ಕನೇ ದಿನ ಸೋಮೇಶ್ವರದ ಹತ್ತಿರ ಹೆರೆಮಣೆ ಸಿಕ್ಕಿತು.
ಹಲ್ಲು ತುಕ್ಕು, ಮಣೆ ಗಟ್ಟಿ. ಈಗಲೂ ಅದರಲ್ಲೇ ತುರಿಯುವುದು.
ನಿಮ್ಮ ಗುಡ್ಡ ಏನು ಕೊಟ್ಟಿತು?”

ಎಣಿಕೆ ತಪ್ಪಿತು ನನಗೆ. ಅರವತ್ತೋ, ಎಪ್ಪತ್ತೋ.
ನಾಲ್ಕು ಕಾಫಿ ಗಿಡ, ಅಂದೆ.
ನಿಂತ ಹಾಗೇ ಜಾರಿ ಬೇರೆಯವರ ಗದ್ದೆಯಲ್ಲಿ ನಿಂತಿದ್ದವು,
ಮರು ಮಾರ್ಚಿಗೆ ಹೂ ಬಿಟ್ಟವು, ಏನೂ ಆಗದವರಂತೆ.
ತಂಗಿ ಹೋಗಿ ಬೇಲಿಯಾಚೆಯಿಂದ ನೋಡಿ ಬಂದಳು.
ಹಣ್ಣಾದಾಗ ಹೋಗಲಿಲ್ಲ.

ಗಾಡಿಯಿಂದ ಅವನು ತಂದ ಪೊಟ್ಟಣ
ಯಾವುದೋ ಶಾಲೆಯ ಹಳೇ ಉತ್ತರಪತ್ರಿಕೆ.
ಈರುಳ್ಳಿಯ ಒದ್ದೆಯಲ್ಲಿ ಅಕ್ಷರ ಅರ್ಧ ಕರಗಿದೆ:
ಕೊಡಗು ಜಿಲ್ಲೆಗೆ ಕರಾವಳಿ ಇದೆ. ಸರಿಯೋ ತಪ್ಪೋ?
ಪೆನ್ಸಿಲಿನಲ್ಲಿ ಒತ್ತಿ ಬರೆದದ್ದು: ಸರಿ.
ಮೇಲೆ ಕೆಂಪು ಶಾಯಿಯ ಗುಣಾಕಾರ ಗುರುತು.
“ಅರ್ಧ ಮಾರ್ಕಾದರೂ ಕೊಡಬಹುದಿತ್ತು,” ಅಂದ ಮೊಯ್ದಿನಬ್ಬ.
ಇವತ್ತು ಉಪ್ಪು ಜಾಸ್ತಿ, ಅಂದೆ ನಾನು.
ಗಾಳಿಯದ್ದಿರಬೇಕು ಅಂದ.

ಕಾವಲುಗಾರನ ಸೀಟಿ.
ಜನ ಒಬ್ಬೊಬ್ಬರೇ ಗೇಟಿನ ಕಡೆ ಕರಗುತ್ತಾರೆ.
ಕಣಿವೆಯಲ್ಲಿದ್ದದ್ದು ಕಟಾಂಜನ ದಾಟಿ
ನನ್ನ ಚಪ್ಪಲಿಯವರೆಗೆ ಬಂದಿದೆ,
ತಣ್ಣಗೆ, ಸದ್ದಿಲ್ಲದೆ, ಹಿಂದೆ ಸರಿಯುವ ಅಂದಾಜಿಲ್ಲದೆ.
ನನ್ನದಿನ್ನೂ ಅರ್ಧ ಸುತ್ತು ಬಾಕಿ.
ನೂರ ಒಂಬತ್ತು, ನೂರ ಹತ್ತು.
ತೊಟ್ಟಿ ಕಾಣುವುದಿಲ್ಲ.
ಅಲ್ಲೇ ಇರುತ್ತದೆ ಎಂದು
ಮುದುರಿದ ಕಾಗದ ಹಿಡಿದ ಕೈ ಚಾಚುತ್ತೇನೆ.