ಕಾರಣದ ಕಾಲಂ

ಕಾಟನ್‌ಪೇಟೆಯ ಬೈಂಡಿಂಗ್ ಅಂಗಡಿಯಲ್ಲಿ ಮಿಕ್ಕಿದ ಕಾಗದ.
ನಾನೇ ಹೊಲಿದೆ, ನಾನೇ ರಟ್ಟು ಕಟ್ಟಿದೆ,
ಬೆನ್ನಿಗೆ ಕೆಂಪು ಬಟ್ಟೆ.
ನಾಲ್ಕು ಕಾಲಂ: ತಾರೀಖು, ಬರಬೇಕಾದ್ದು, ಬಂದದ್ದು, ಕಾರಣ.
ಮೂರು ತುಂಬುತ್ತವೆ.
ನಾಲ್ಕನೆಯದು ಒಂಬತ್ತು ವರ್ಷದಿಂದ
ಸುಣ್ಣ ಬಳಿದ ಗೋಡೆ.

ಹೂಡಿ ಹಾಲ್ಟಿನಲ್ಲಿ ನಸುಕಿಗೆ
ದೀಪದ ಕಂಬ ಮೂರು, ಉರಿಯುವುದು ಒಂದು.
ಅದರ ಕೆಳಗೆ ಹೆಂಗಸರು ಒತ್ತಿಕೊಂಡು ನಿಲ್ಲುತ್ತಾರೆ
ಒಂದೇ ಕೊಡೆಯಲ್ಲಿ ನಿಂತ ಹಾಗೆ.
ನೆಲಕ್ಕೂ ರೈಲಿನ ಮೊದಲ ಮೆಟ್ಟಿಲಿಗೂ ನಡುವೆ
ಹತ್ತೊಂಬತ್ತು ಇಂಚು.
ಟೇಪು ಹಿಡಿದದ್ದು ಗಾರ್ಮೆಂಟ್ಸಿನ ಕಟಿಂಗ್ ಮಾಸ್ತರು ಫಯಾಜ್ ಸಾಬರು.
"ಪ್ಯಾಂಟಿನ ಕಾಲಾಗಿದ್ರೆ ಮಡಿಸಿ ಹೊಲಿದುಬಿಡ್ತಿದ್ದೆ" ಅಂದರು.
ಮುನಿಲಕ್ಷ್ಮಮ್ಮ ಮೊದಲು ಸೊಪ್ಪಿನ ಗಂಟು ಎಸೆಯುತ್ತಾಳೆ,
ಆಮೇಲೆ ಎಡ ಮಂಡಿ,
ಆಮೇಲೆ ಯಾರ ಕೈ ಸಿಕ್ಕಿದರೆ ಆ ಕೈ.
ಉಳಿದ ಮುನಿಲಕ್ಷ್ಮಮ್ಮ ಕೊನೆಗೆ ಹತ್ತುತ್ತಾಳೆ.

ಬೈಯಪ್ಪನಹಳ್ಳಿಯ ಔಟರಿನಲ್ಲಿ ನಿಲ್ಲುತ್ತದೆ ರೈಲು.
ಯಾಕೆಂದು ಯಾರೂ ಹೇಳುವುದಿಲ್ಲ.
ಪಕ್ಕದ ಹಳಿಯಲ್ಲಿ ದೂರದೂರಿನ ಎಕ್ಸ್‌ಪ್ರೆಸ್ಸು,
ಬಾಗಿಲಲ್ಲಿ ಒಬ್ಬ ಹಲ್ಲುಜ್ಜುತ್ತಾ ಹಾದುಹೋಗುತ್ತಾನೆ.
ಅವನಿಗೆ ದಾರಿ ಬಿಟ್ಟವರು ನಾವು.
ಪಾಪ, ಅವನಿಗದು ಗೊತ್ತಿಲ್ಲ.
ನಮ್ಮ ಡಬ್ಬಿಯಲ್ಲಿ ಸ್ಟೆಲ್ಲಾ
ಅರ್ಧ ದಿನದ ಕೂಲಿಯನ್ನು ಬೆರಳ ಗೆಣ್ಣಿನಲ್ಲಿ ಎಣಿಸುತ್ತಾಳೆ.
ಸೆಂಟ್ರಿಂಗ್ ಕೆಲಸದ ಹುಡುಗ ಧುಮುಕಿ
ಹಳಿಗುಂಟ ನಡೆದೇಬಿಡುತ್ತಾನೆ;
ಅವನು ಆಚೆ ದಾಟಿ ಒಮ್ಮೆ ಕೈಯೆತ್ತುವವರೆಗೆ
ಯಾರೂ ಮಾತಾಡುವುದಿಲ್ಲ.

ಮನವಿ ಬರೆದೆವು. ನಲವತ್ತೊಂದು ಸಹಿ, ಆರು ಹೆಬ್ಬೆಟ್ಟು.
ಉತ್ತರ ಬರಲಿಲ್ಲ ಎನ್ನಲಾರೆ, ಬಂತು:
"ಪರಿಶೀಲಿಸಲಾಗುವುದು."
ಮತ್ತೆ ಬರೆದೆವು. "ಗಮನಿಸಲಾಗಿದೆ."
ಮೂರನೆಯದಕ್ಕೆ, "ಸೂಕ್ತ ಕ್ರಮ ಕೈಗೊಳ್ಳಲಾಗುವುದು."
ಏಳನೇ ಕ್ಲಾಸಿನಲ್ಲಿ ಕರ್ಮಣಿ ಪ್ರಯೋಗ ತಲೆಗೆ ಹೋಗದೆ
ಬೆಂಚಿನ ಮೇಲೆ ನಿಂತವಳು ನಾನು.
ಈಗ ಹೋಯಿತು ಮೇಷ್ಟ್ರೇ:
ಅದರಲ್ಲಿ ಕೆಲಸ ಇರುತ್ತದೆ,
ಮಾಡುವವನು ಇರುವುದಿಲ್ಲ.

ಒಮ್ಮೆ ಕಚೇರಿಗೇ ಹೋದೆವು.
ಸಾಹೇಬರು ಒಳ್ಳೆಯವರು, ಕೂರಿಸಿ ಟೀ ತರಿಸಿದರು.
"ಇರೋ ಹಳಿ ಇಷ್ಟೇ, ಓಡೋ ಗಾಡಿ ಅಷ್ಟು,
ನೀವೇ ಹೇಳಿ ಏನ್ಮಾಡ್ಲಿ" ಅಂದರು.
ಸುಳ್ಳೇನಲ್ಲ.
ಗೋಡೆಯ ನಕ್ಷೆಯಲ್ಲಿ ಮುಂದೆ ಬರಲಿರುವ ಹಳಿಗಳು
ಹಸಿರು ಚುಕ್ಕಿ, ಹಸಿರು ಚುಕ್ಕಿ.
ಮುನಿಲಕ್ಷ್ಮಮ್ಮ ಬೆರಳಿಟ್ಟು ಕೇಳಿದಳು,
"ಚುಕ್ಕಿ ಇಟ್ಟು ಎಷ್ಟ್ ದಿನ ಆಯ್ತು ಸ್ವಾಮಿ?
ರಂಗೋಲಿ ಎಳೆಯೋರು ಯಾರು?"

ಮೊನ್ನೆ ಮಂಗಳವಾರ
ಏಳು ಇಪ್ಪತ್ತರ ಗಾಡಿ
ಏಳು ಇಪ್ಪತ್ತಕ್ಕೆ ಬಂತು.

ನಾವು ಹದಿಮೂರು ಜನ ಇನ್ನೂ ರಸ್ತೆಯಂಚಿನಲ್ಲಿ
ಟೀ ಊದಿಕೊಳ್ಳುತ್ತಿದ್ದೆವು.
ಒಂಬತ್ತು ವರ್ಷದ ತಡಕ್ಕೆ ಒಗ್ಗಿದ ಕಾಲುಗಳು
ಓಡಿದವು, ಓಡುವುದನ್ನು ನೆನಪಿಸಿಕೊಳ್ಳುತ್ತಾ.
ಗಂಟು ಬಿಚ್ಚಿ ದಂಟಿನ ಸೊಪ್ಪು ಜಲ್ಲಿಯ ಮೇಲೆಲ್ಲ.
ಕೊನೆಯ ಡಬ್ಬಿಯ ಬೆನ್ನಿನ ಹಳದಿ ಇಂಟು ಗುರುತು
ನಮ್ಮ ಲೆಕ್ಕಕ್ಕೆ ತಪ್ಪು ಹಾಕಿ
ಕೆ.ಆರ್. ಪುರದ ಕಡೆ ಹೊರಟುಹೋಯಿತು.

ಮೊದಲು ನಕ್ಕವಳು ಮುನಿಲಕ್ಷ್ಮಮ್ಮ.
ಸೊಪ್ಪು ಆಯುತ್ತಾ ನಕ್ಕಳು, ಮಂಡಿ ಹಿಡಿದು ನಕ್ಕಳು.
ಫಯಾಜ್ ಸಾಬರು ವಾಚು ಬಿಚ್ಚಿ ಕಿವಿಗಿಟ್ಟುಕೊಂಡರು.
ಪುಸ್ತಕ ತೆರೆದೆ. ಬರಬೇಕಾದ್ದು, ಬಂದದ್ದು, ಎರಡೂ ಒಂದೇ.
ಕಾರಣದ ಕಾಲಮ್ಮಿನೆದುರು
ಪೆನ್ನು ಔಟರಿನಲ್ಲಿ ನಿಂತಿತು.

ಮಾನ್ಯರೇ,
ಕರ್ತರಿಯಲ್ಲೇ ಬರೆಯುತ್ತಿದ್ದೇನೆ, ಬೇಸರಿಸಬೇಡಿ.
ಮಂಗಳವಾರ ನೀವು ರೈಲನ್ನು ಹೊತ್ತಿಗೆ ಸರಿಯಾಗಿ ಓಡಿಸಿದಿರಿ.
ನಾವು ತಪ್ಪಿಸಿಕೊಂಡೆವು, ಅರ್ಧ ದಿನದ ಕೂಲಿ ಹೋಯಿತು.
ನಾಳೆಯೂ ಓಡಿಸಿ.
ನಾವು ಅಭ್ಯಾಸ ಮಾಡಿಕೊಳ್ಳುತ್ತೇವೆ.

ಮತ್ತೆ, ಆ ಹತ್ತೊಂಬತ್ತು ಇಂಚು
ಹಾಗೇ ಇದೆ.