ಕೂಗಳತೆ

ನಲವತ್ತು ವರ್ಷ ಸೆಲ್ಬಿಯಲ್ಲಿ ಅಂಚೆ ಹಂಚಿದವನು ನಾನು.
ಯಾವ ಬಾಗಿಲ ಹಿಂದೆ ಯಾವ ನಾಯಿ,
ಯಾವ ಗೇಟು ಎಷ್ಟು ಕಿರುಗುಟ್ಟುತ್ತದೆ, ಇನ್ನೂ ನೆನಪಿದೆ.
ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ ಹೆಸರು ಕೊಟ್ಟೆ:
ಶಾಲೆ ಸಿಗದವರ ಮೇಲ್ಮನವಿ ಕೇಳುವ ಮೂವರಲ್ಲಿ ಒಬ್ಬ.
ಸಂಬಳವಿಲ್ಲ. ಬಸ್ ಚಾರ್ಜು, ಚಹಾ, ಎರಡು ಬಿಸ್ಕತ್ತು.

ಮಾರ್ಚ್ ತಿಂಗಳ ಒಂದು ಗುರುವಾರ.
ಗ್ರಂಥಾಲಯದ ಮೇಲಿನ ಕೋಣೆಯಲ್ಲಿ
ಹೀಟರು ಮುದುಕನಂತೆ ಕೆಮ್ಮುತ್ತಿತ್ತು.
ಲಿಯಾನ್ ಕ್ಯಾಚ್‌ಪೋಲ್ ಬಂದಳು. ಲೋಸ್ಟಾಫ್ಟಿನವಳು,
ಜನವರಿಯಲ್ಲಿ ಇಲ್ಲಿಗೆ ಬಂದವಳು, ಹಿಟ್ಟಿನ ಗಿರಣಿಯ ಕೆಲಸಕ್ಕೆ.
ಒದ್ದೆ ಕೋಟು ಬಿಚ್ಚಲಿಲ್ಲ.
ಹೇಳಬೇಕಾದದ್ದನ್ನು ಬರೆದುಕೊಂಡಿದ್ದಳು
ಮನೆ ಸಾಮಾನು ತಂದ ಲಾರಿಯ ರಸೀದಿಯ ಬೆನ್ನಿಗೆ.

"ಮಗನಿಗೆ ಸೀಟು ಕೊಟ್ಟಿರಿ, ರೂಬೆನ್‌ಗೆ, ಐದನೇ ತರಗತಿ.
ಟೆಸ್‌ಗೆ ಇಲ್ಲ ಅಂದಿರಿ. ಅವಳಿಗಿನ್ನೂ ಆರು ತುಂಬಿಲ್ಲ.
ಅವಳ ಪಾಲಿಗೆ ರೈಲು ಹಳಿಯಾಚೆಯ ಶಾಲೆ.
ಎರಡಕ್ಕೂ ಗಂಟೆ ಹೊಡೆಯುವುದು ಎಂಟೂ ಐವತ್ತಕ್ಕೇ."
ಆಮೇಲೆ ರಸೀದಿಯಲ್ಲಿಲ್ಲದ್ದೊಂದು ಮಾತು:
"ನನ್ನನ್ನು ಎಲ್ಲಿಂದ ಸೀಳಿಕೊಳ್ಳಲಿ?"

ಕೌನ್ಸಿಲಿನ ಹುಡುಗ ಒಳ್ಳೆಯವನೇ. ದನಿ ಎತ್ತಲಿಲ್ಲ.
ಚಿಕ್ಕ ಮಕ್ಕಳ ತರಗತಿಗೆ ಮೂವತ್ತು ಎಂದರೆ ಮೂವತ್ತು.
ಕುರ್ಚಿ ಇನ್ನೊಂದು ಹಾಕಬಹುದು,
ಕೋಟಿಗೆ ಇನ್ನೊಂದು ಮೊಳೆ ಹೊಡೆಯಬಹುದು,
ಕಾನೂನಿನೊಳಗೆ ಮಾತ್ರ ಜಾಗ ಇಲ್ಲ ಎಂದ.
ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ ಎಂದ,
ಬಹುಮಾನ ಕೊಡುವವನ ಹಾಗೆ.

ಅಧ್ಯಕ್ಷೆ ಹಟ್ಟರ್ಸ್ಲಿ ಕೇಳಿದರು: ಮನೆಯಿಂದ ಶಾಲೆ ಎಷ್ಟು ದೂರ?
ಲಿಯಾನ್‌ಗೆ ಮೀಟರು ಗೊತ್ತಿರಲಿಲ್ಲ.
"ಅಡುಗೆಮನೆ ಕಿಟಕಿ ತೆಗೆದರೆ ಆಟದ ಬಯಲು ಕೇಳಿಸುತ್ತದೆ.
ಯಾರು ಬಿದ್ದರು, ಯಾರು ಗೆದ್ದರು, ಯಾರು ಟೂ ಬಿಟ್ಟರು
ಟೆಸ್ ನಿಂತು ಹೇಳುತ್ತಾಳೆ.
ಅವರ ಹೆಸರೆಲ್ಲ ಇವಳಿಗೆ ಬಾಯಿಪಾಠ.
ಇವಳ ಹೆಸರು ಅವರಿಗೆ ಗೊತ್ತಿಲ್ಲ."
ಇನ್ನೂರ ಹನ್ನೊಂದು ಪಾಯಿಂಟ್ ಆರು, ಎಂದ ಕೌನ್ಸಿಲಿನ ಹುಡುಗ.
ಗುಮಾಸ್ತೆ ಅದನ್ನೇ ಬರೆದುಕೊಂಡಳು.
ನನ್ನ ಹಾಳೆಯಲ್ಲಿ ನಾನು ಬರೆದದ್ದು: ಕೂಗಳತೆ.

ಅವಳು ಹೋದ ಮೇಲೆ ತಪ್ಪು ಹುಡುಕಿದೆವು,
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.
ಕೌನ್ಸಿಲು ಒಂದೇ ಒಂದು ತಪ್ಪು ಮಾಡಿದ್ದರೆ
ನಮ್ಮ ಕೈ ಬಿಚ್ಚುತ್ತಿತ್ತು.
ಸಿಗಲಿಲ್ಲ. ಅಕ್ಕಿ ಹಸನಾಗಿತ್ತು,
ಒಂದು ತುತ್ತಿಗೆ ಮಾತ್ರ ಸಾಲಲಿಲ್ಲ.
ನಿರಾಕರಣೆಗೆ ಮೂರು ಕೈ ಎದ್ದವು.
ಮೂರನೆಯದು ನನ್ನದು. ಮುಚ್ಚಿಡುವುದಿಲ್ಲ.

ನಲವತ್ತು ವರ್ಷ ಲಕೋಟೆ ತೂರಿಸಿದ್ದೆ
ಒಳಗೇನಿದೆ ಎಂದು ತಿಳಿಯದೆ, ಶಿಳ್ಳೆ ಹಾಕುತ್ತ.
ಇದರೊಳಗೇನಿದೆ ಎಂದು ಗೊತ್ತಿತ್ತು;
ತೂರಿಸಿದವನು ಬೇರೆ ಯಾರೋ.

ಮರುವಾರ ಒಂದು ಬೆಳಿಗ್ಗೆ, ಯಾರೂ ಹೇಳದೆ,
ಗಡಿಯಾರ ಹಿಡಿದು ನಡೆದೆ.
ಈ ಗೇಟಿನಿಂದ ಆ ಗೇಟಿಗೆ, ಕಾಲುವೆ ಸೇತುವೆ ದಾಟಿ,
ಹಳಿಯ ಕೆಳಗಿನ ಕತ್ತಲು ದಾಟಿ,
ನನ್ನ ಮೊಣಕಾಲಿಗೆ ಇಪ್ಪತ್ತಾರು ನಿಮಿಷ.
ದೋಣಿ ಬಂದು ಸೇತುವೆ ತಿರುಗಿದರೆ ದೇವರೇ ಗತಿ.

ಮರಳಿ ಬರುವಾಗ ಸೇತುವೆಯ ಮೇಲೆ ಅವರು.
ತಾಯಿ ಓಡುತ್ತಿದ್ದಳು, ಹೆಗಲಲ್ಲಿ ಪುಟ್ಟ ಚೀಲ,
ಮುಂದೆ ಸ್ಕೂಟರ್ ತಳ್ಳುತ್ತ ಹುಡುಗಿ,
ಹೊಸ ಸಮವಸ್ತ್ರ, ಬೇರೆ ಶಾಲೆಯ ಹಸಿರು.
ಹಿಂದಿನಿಂದ ಗಂಟೆ ಕೇಳಿತು, ಅಣ್ಣನ ಶಾಲೆಯದು.
ಹುಡುಗಿ ಸ್ಕೂಟರ್ ಬೀಳಿಸಿ ತಿರುಗಿದಳು,
ಎರಡೂ ಕೈ ಬಾಯಿಗಿಟ್ಟು
ತನ್ನ ಹೆಸರನ್ನೇ ಕೂಗಿದಳು: "ಟೆಸ್! ನಾನು ಟೆಸ್!"

ಗೋಡೆಯಾಚೆ ಗದ್ದಲ ಒಂದು ಗಳಿಗೆ ತಗ್ಗಿತು.
"ಯಾರು?" ಎಂದು ಓಗೊಟ್ಟಿತು ಯಾವುದೋ ಮಗು.

ಲಿಯಾನ್ ನನ್ನನ್ನು ನೋಡಿದಳು. ಗುರುತು ಹಿಡಿದಳು.
ಸ್ಕೂಟರ್ ಎತ್ತಿಕೊಂಡಳು.
ನನ್ನ ಕೈಯಲ್ಲಿನ್ನೂ ಗಡಿಯಾರ:
ಎಂಟೂ ಐವತ್ತು, ಅರ್ಧ ನಿಮಿಷ ಮೇಲೆ.